ಗಾಳಿ ಫ್ಯಾನಿನ ಸದ್ದು ಮತ್ತು ನಮ್ಮ ಸೊಸೆಯ ಹಗಲು ನಿದ್ದೆ

ರಾತ್ರಿ ಎಷ್ಟು ಗಂಟೆಗೆ ಆಗುತ್ತದೆ, ಹೇಳಿ ನೋಡೋಣ?

ಹತ್ತು ಗಂಟೆಗೆ ಅಂದಿರಾ? ಹಾಗಾದರೆ ನೀವು ಯಾವುದೋ ಕಚೇರಿಯಲ್ಲಿ ಕೂತಿರಬೇಕು. ಕತ್ತಲಾದಾಗ ಅಂದಿರಾ? ಪಾಪ, ನೀವು ನಮ್ಮ ಕೋಳಿಗಳ ಪೈಕಿ. ನಮ್ಮ ಮನೆಯಲ್ಲಿ ರಾತ್ರಿ ಆಗುವುದು ಬೆಳಿಗ್ಗೆ ಒಂಬತ್ತೂವರೆಗೆ. ನನ್ನ ಸೊಸೆ ಸರ್ಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ತಿಂಗಳಲ್ಲಿ ಹೆಚ್ಚಿನ ದಿನ ಅವಳದು ರಾತ್ರಿ ಡ್ಯೂಟಿ. ಬೆಳಿಗ್ಗೆ ಬಸ್ಸಿಳಿದು ಬಂದು, ಜಳಕ ಮಾಡಿ, ನಿಂತುಕೊಂಡೇ ಒಂದು ರೊಟ್ಟಿ ತಿಂದು, ಹಿಂದಿನ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿದಳೆಂದರೆ ಮುಗಿಯಿತು, ನಮ್ಮ ಪಾಲಿಗೆ ಕತ್ತಲೆ. ಆಮೇಲೆ ನಾನೂ ಬೆಕ್ಕಿನ ಹಾಗೆ ಓಡಾಡುತ್ತೇನೆ. ಪಾತ್ರೆ ಇಡುವಾಗ ಕೆಳಗೆ ಅರಿವೆ ಹಾಸುತ್ತೇನೆ. ಅತ್ತೆಯಾದವಳು ಸೊಸೆಯ ನಿದ್ದೆ ಕಾಯುವುದು ನೋಡಿ ಓಣಿಯ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಇಟ್ಟುಕೊಳ್ಳಲಿ. ನಮ್ಮ ಓಣಿಯಲ್ಲಿ ಈಗ ಅಂಗನವಾಡಿಗೆ ಹೋಗುವ ಅಷ್ಟೂ ಕೂಸುಗಳನ್ನು ಮೊದಲು ಕೈಯಲ್ಲಿ ಹಿಡಿದವಳು ನನ್ನ ಸೊಸೆ.

ಹೀಗೆ ಸುಖವಾಗಿದ್ದೆವು. ಅಷ್ಟರಲ್ಲಿ ಫ್ಯಾನು ಬಂತು.

ಪೇಪರಿನಲ್ಲಿ ಅದಕ್ಕೆ ಪವನ ವಿದ್ಯುತ್ ಯಂತ್ರ ಎಂದು ಬರೆಯುತ್ತಾರೆ. ನಾವು ಫ್ಯಾನು ಅನ್ನುತ್ತೇವೆ. ನಮ್ಮ ಹಿತ್ತಲು ದಾಟಿ, ನಾಲ್ಕು ಎರೆಮಣ್ಣಿನ ಹೊಲ ಆಚೆ, ಮೊದಲು ಒಂದು ಗುಂಡಿ ತೆಗೆದರು. ಆಮೇಲೆ ಉದ್ದನೆಯ ಲಾರಿಯಲ್ಲಿ ಅದರ ಒಂದೊಂದೇ ರೆಕ್ಕೆ ಬಂತು. ಲಾರಿ ತಿರುಗಲಿಕ್ಕೆ ಆಗದೆ ಊರ ಬೇವಿನ ಗಿಡದ ಟೊಂಗೆ ಕಡಿದರು. ರೆಕ್ಕೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಾನೇ ಮೊದಲಿಗಳು, ಅದನ್ನು ಮುಚ್ಚಿಡುವುದೇನು. ಫೋನಿನಲ್ಲಿ ಅದಿನ್ನೂ ಇದೆ. ನಾನು ನಗುತ್ತಿದ್ದೇನೆ, ಹುಚ್ಚಿ.

ಅದು ತಿರುಗತೊಡಗಿದ ಮೇಲೆ ನಗೆ ಹೋಯಿತು. ಮೇ ಕೊನೆಗೆ ಗಾಳಿ ಎದ್ದಿತು ನೋಡಿ, ಅವತ್ತಿನಿಂದ ಶುರು. ವೂಂ... ಛಪ್. ವೂಂ... ಛಪ್. ಒದ್ದೆ ಜಮಖಾನೆಯನ್ನು ಇಬ್ಬರು ಹಿಡಿದು ಝಾಡಿಸಿದ ಹಾಗೆ. ಜೋರು ಸದ್ದು ಅನ್ನುವಂತಿಲ್ಲ. ಜೋರಿದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇದು ಒಂದೇ ಸಮ ಇರುವ ಸದ್ದು, ನಡುನಡುವೆ ಒಂದು ಛಪ್ ತಪ್ಪಿದ ಹಾಗೆ ಮಾಡಿ, ತಪ್ಪಿತೇನೋ ಎಂದು ನಾವು ಕಿವಿ ನಿಗುರಿಸಿದಾಗ ಮತ್ತೆ ಹೊಡೆಯುವ ಸದ್ದು. ನನಗೆ ಒಂದು ಕಿವಿ ಮಂದ. ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ನನಗೇನೂ ಇಲ್ಲ. ಸೊಸೆಯದು ಹಾಗಲ್ಲ. ಆ ಕಿವಿ ವಾರ್ಡಿನ ಆ ತುದಿಯಲ್ಲಿ ಒಬ್ಬಳು ನರಳಿದರೂ ಎದ್ದು ನಿಲ್ಲಲಿಕ್ಕೆ ತಯಾರಾದ ಕಿವಿ.

"ಎಣಿಸಬಾರ್ದು ಅಂತೀನ್ರಿ ಅತ್ತಿ, ಆದ್ರೂ ಎಣಿಸ್ತೀನಿ," ಎಂದಳು ಒಂದು ದಿನ, ಕಣ್ಣು ಕೆಂಡ ಮಾಡಿಕೊಂಡು. "ಒಂದು ಎರಡು ಮೂರು, ಒಂದು ಎರಡು ಮೂರು. ಮೂರ ರೆಕ್ಕಿ ಅಲ್ರಿ ಅದಕ್ಕ. ನಾಕ ಇದ್ದಿದ್ರ ನಾಕರ ತನಕ ಎಣಿಸ್ತಿದ್ನೇನ."

ಕಿವಿಗೆ ಹತ್ತಿ ಇಟ್ಟುಕೊಂಡಳು. ಕಿಟಕಿಗೆ ಕೌದಿ ಹೊಡೆದೆವು. ಒಳಗೆ ಕುದಿಯತೊಡಗಿತು, ಸದ್ದು ಮಾತ್ರ ಬಂದೇ ಬಂತು. ಹಾಸಿಗೆಯನ್ನು ಮುಂದಿನ ಪಡಸಾಲೆಗೆ ತಂದೆವು. ಅಲ್ಲಿ ಬಂದು ಹೋಗುವವರ ಕಾಟ. ಮೇಲೆ ಅಟ್ಟಕ್ಕೆ ಹೋದಳು. ಅಲ್ಲಿ ಇನ್ನೂ ಚೆಂದ ಕೇಳುತ್ತದಂತೆ. ಕಡೆಗೆ ಕಿಟಕಿಯ ಕೌದಿ ಬಿಚ್ಚಿ ಮತ್ತೆ ಹಿಂದಿನ ಖೋಲಿಗೇ ಬಂದಳು.

ಜುಲೈನಲ್ಲಿ ಒಂದು ಬೆಳಿಗ್ಗೆ ಬಂದವಳು ಜಳಕಕ್ಕೂ ಹೋಗದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಏನಾಯಿತು ಎಂದು ಎರಡು ಸಲ ಕೇಳಿದ ಮೇಲೆ ಹೇಳಿದಳು. ಹಿಂದಿನ ರಾತ್ರಿ ಎರಡು ಹೆರಿಗೆ. ಕೂಸಿನ ಕೈಗೆ ತಾಯಿಯ ಹೆಸರಿನ ಪಟ್ಟಿ ಕಟ್ಟುತ್ತಾರಲ್ಲ, ಅದನ್ನು ಅದಲುಬದಲು ಮಾಡಿ ಕಟ್ಟಿದ್ದಳು. ಎರಡೇ ನಿಮಿಷದಲ್ಲಿ ತಾನೇ ನೋಡಿ ಬಿಚ್ಚಿ ಸರಿಯಾಗಿ ಕಟ್ಟಿದಳು. ಯಾರಿಗೂ ಏನೂ ಆಗಲಿಲ್ಲ. ಹಿರಿಯ ನರ್ಸಿಗೆ ಇವಳೇ ಹೋಗಿ ಹೇಳಿದಳು. ಆಕೆ ಬಯ್ಯಲಿಲ್ಲವಂತೆ. ಬಯ್ಯದೇ ಇದ್ದದ್ದೇ ಇವಳಿಗೆ ಹೆಚ್ಚು ನಟ್ಟಿತು.

"ಒಂದ ಕೂಸು ಹೆಣ್ಣು, ಒಂದ ಗಂಡು, ಅದಕ್ಕ ತಿಳೀತ್ರಿ," ಎಂದಳು. "ಎರಡೂ ಒಂದ ಥರ ಇದ್ದಿದ್ರ? ಈ ಮಳಿಗಾಲ ಮುಗಿಯೂದ್ರೊಳಗ ನಿದ್ದಿ ಹತ್ತಲಿಲ್ಲ ಅಂದ್ರ ನಾ ರಾಜೀನಾಮಿ ಬರದ ಕೊಡಾಕಿ. ಕೂಸುಗಳ ಜೋಡಿ ಆಟ ಅಲ್ರಿ ಇದು."

ಹತ್ತು ವರ್ಷ ಬಿಡದೆ ಮಾಡಿದ ಕೆಲಸ. ಇವಳು ಬಿಟ್ಟುಬಿಡುತ್ತಾಳಂತೆ, ಅದೂ ಇನ್ಯಾರದೋ ಮನೆಯ ಬಲ್ಬಿಗೆ ಕರೆಂಟು ತೆಗೆಯುವ ಒಂದು ಕಂಬದ ಸಲುವಾಗಿ.

ಆಗ ನಾನು ಫೋನಿನಲ್ಲಿ ಟೈಪು ಮಾಡುವುದನ್ನು ಹೊಸದಾಗಿ ಕಲಿತಿದ್ದೆ. ಒಂದೇ ಬೆರಳು, ಅದೂ ಎಡಗೈಯದು. ಬಲಗೈಯಲ್ಲಿ ಫೋನು ಬೀಳದ ಹಾಗೆ ಹಿಡಿದುಕೊಳ್ಳಬೇಕಲ್ಲ. ಎರಡು ದಿನ ಕೂತು ಅರ್ಜಿ ಬರೆದೆ. ನನ್ನ ತಮ್ಮನಿಗೆ ತೋರಿಸಿದೆ. ಅವನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ರಿಟೈರಾದವನು. ಈಗ ಪಾಠ ಹೇಳಲು ಯಾರೂ ಸಿಗದೆ ನಮ್ಮ ಮನೆಗೆ ಬರುತ್ತಾನೆ.

"ಅಕ್ಕಾ, ಸರ್ಕಾರಿ ಅರ್ಜಿಯೊಳಗ 'ಶರಣು ಶರಣಾರ್ಥಿ, ಎಲ್ಲಾರೂ ಕ್ಷೇಮ ಅದೀರೇನು' ಅಂತ ಬರೀತಾರೇನ?"

"ಯಾಕ, ಸರ್ಕಾರದವ್ರು ಕ್ಷೇಮ ಇರಬಾರ್ದೇನು?"

"ಕಾಯದೆ ಏನೈತಿ ಅನ್ನೂದ ಬರಿ. ಸುಮ್ನ ನಿದ್ದಿ ಬರವಲ್ದು ಅಂದ್ರ ಗುಳಿಗಿ ನುಂಗ ಅಂತಾರ."

ಅವನೇ ಕಾಯದೆ ಹುಡುಕಿ ತಿಳಿಸಿ ಹೇಳಿದ. ದೊಡ್ಡ ಫ್ಯಾನಾದರೆ ಮನೆಗಳಿಂದ ಇಷ್ಟು ದೂರ ಇರಬೇಕು. ಜನ ವಾಸ ಮಾಡುವ ಕಡೆ ಸದ್ದು ಇಷ್ಟನ್ನು ಮೀರಬಾರದು, ಹಗಲಿಗೊಂದು ಲೆಕ್ಕ, ರಾತ್ರಿಗೊಂದು ಲೆಕ್ಕ. ಫ್ಯಾನು ನಿಂತಾಗ ಎಷ್ಟು ಸದ್ದಿದೆ, ತಿರುಗಿದಾಗ ಎಷ್ಟಾಯಿತು, ಎರಡನ್ನೂ ಅಳೆದು ನೋಡುತ್ತಾರೆ.

"ಮತ್ತ ಸಣ್ಣ ಫ್ಯಾನಿಗೆ?" ಎಂದೆ ನಾನು.

ಅವನು ಗಂಟಲು ಸರಿ ಮಾಡಿಕೊಂಡ. ಯಾಕೆಂದರೆ ನಮ್ಮ ಬಾಜುವಿನ ತಗಡಿನ ಶೆಡ್ಡಿನ ಮೇಲೆ ಒಂದು ಸಣ್ಣ ಫ್ಯಾನು ಇದೆ, ಅದನ್ನು ನಿಲ್ಲಿಸಿದವನು ಅವನೇ. ಆ ಶೆಡ್ಡಿನಲ್ಲಿ ನಾನೂ ನನ್ನ ನೆಗೆಣ್ಣಿಯೂ, ಅಂದರೆ ನನ್ನ ಮೈದುನನ ಹೆಂಡತಿ, ಕಟಕ ರೊಟ್ಟಿ ಮಾಡಿಸುತ್ತೇವೆ. ಐದು ಮಂದಿ ಹೆಣ್ಣುಮಕ್ಕಳು ಬಂದು ಬಡಿದು ಒಣಗಿಸಿ ಪೇರಿಸಿಡುತ್ತಾರೆ. ಮಧ್ಯಾಹ್ನ ನನ್ನ ಮಗ ಟೆಂಪೋದಲ್ಲಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಒಯ್ಯುತ್ತಾನೆ. ಕರೆಂಟು ಹೋದಾಗ ಶೆಡ್ಡಿನ ಎರಡು ಬಲ್ಬು ಆ ಸಣ್ಣ ಫ್ಯಾನಿನ ಮೇಲೆ ಉರಿಯುತ್ತವೆ. ಗಾಳಿ ಜೋರಾದರೆ ಅದು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಅನ್ನುತ್ತದೆ.

"ಸಣ್ಣವಕ್ಕ ನಮ್ಮ ಕಡೆ ಹಂಗ ಬ್ಯಾರೆ ಏನೂ ಬರ್ದಿದ್ದು ನನಗ ಸಿಗಲಿಲ್ಲ," ಎಂದ ತಮ್ಮ. "ಬಾಜೂದವ್ರು ತಕರಾರ ಮಾಡಿದ್ರ ನೋಡ್ತಾರ."

"ಹಂಗಾರ ಬಾಜೂದವ್ರಿಗೆ ಮೊಬೈಲ್ ಚಾರ್ಜ್ ಮಾಡ್ಕೋರಿ ಅಂತ ವೈರ್ ಕೊಟ್ಟಿದ್ದು ಚಲೋ ಆತು ಬಿಡ."

ಸದ್ದಿನ ತಕರಾರು ನೋಡುವ ಸರ್ಕಾರಿ ಕಚೇರಿಗೆ ಅರ್ಜಿ ಕಳಿಸಿದೆ. ಪರಿಶೀಲಿಸಲಾಗುವುದು ಎಂದು ಬಂತು. ನಾನು ದಿನಾ ಬೆಳಿಗ್ಗೆ ಫೋನು ತೆರೆದು, ಪರಿಶೀಲಿಸಿದಿರೇನು ಎಂದು ಕೇಳತೊಡಗಿದೆ. ಹನ್ನೆರಡನೆಯ ದಿನಕ್ಕೆ ಅವರಿಗೇ ಸಾಕಾಯಿತೇನೋ, ಮುಂದಿನ ಗುರುವಾರ ಸದ್ದು ಅಳೆಯಲು ಒಬ್ಬರು ಬರುತ್ತಾರೆ ಎಂದರು.

ಗುರುವಾರದ ತಯಾರಿ ಏನು ಕೇಳುತ್ತೀರಿ. ಬೀಗರು ಬಂದಾಗಲೂ ಅಷ್ಟು ಮಾಡಿರಲಿಲ್ಲ. ಬೇರೆ ಯಾವ ಸದ್ದೂ ನಡುವೆ ಬರಬಾರದು, ಬಂದರೆ ಫ್ಯಾನಿನವರು ಅದನ್ನೇ ಹಿಡಿದುಕೊಂಡು ಜಾರಿಕೊಳ್ಳುತ್ತಾರೆ ಎಂದು ತಮ್ಮ ಹೇಳಿದ್ದ. ಹಿಟ್ಟಿನ ಗಿರಣಿಯವನಿಗೆ ಕೈ ಮುಗಿದು ಎರಡು ತಾಸು ಬಂದ್ ಮಾಡಿಸಿದೆ. ಕಾಯಿಪಲ್ಲೆ ಮಾರುವ ಗಾಡಿಯವನು ಓಣಿಯ ಬಾಯಿಗೆ ಬಂದು ಮೈಕು ಹಚ್ಚುತ್ತಿದ್ದವನು, ಅವನನ್ನು ಅಲ್ಲಿಂದಲೇ ತಿರುಗಿಸಿ ಕಳಿಸಿದೆ. ಎಮ್ಮೆಯನ್ನು ಹಿಂದಿನ ಓಣಿಗೆ ಹೊಡೆದೆವು. ಕೋಳಿಗಳನ್ನು ಬುಟ್ಟಿಯಡಿ ಹಾಕಿ ಮೇಲೆ ಚೀಲ ಮುಚ್ಚಿದೆವು. ನಮ್ಮದೇ ಸಣ್ಣ ಫ್ಯಾನಿಗೆ ನನ್ನ ಹಳೆಯ ಇಳಕಲ್ ಸೀರೆ ಸುತ್ತಿ ಬಿಗಿಯಾಗಿ ಕಟ್ಟಿಸಿದೆ. ತಮ್ಮನಿಗೆ ಸಂಕಟ. "ಅದರ ಬೇರಿಂಗ್ ಹಾಳಾಕ್ಕೈತಿ" ಎಂದ. ಹಾಳಾಗಲಿ.

ಬಂದವನು ಮೂವತ್ತರ ಹುಡುಗ. ನಯದ ಮನುಷ್ಯ, ಬೂಟು ಬಿಚ್ಚಿಯೇ ಅಂಗಳ ಹತ್ತಿದ. ಸೊಸೆಯ ಕಿಟಕಿಯ ಹತ್ತಿರ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲೆ ಮೀಟರು ಇಟ್ಟ. ಮೀಟರಿನ ಮೂತಿಗೆ ಒಂದು ಕರಿ ಸ್ಪಂಜಿನ ಉಂಡೆ. ಫ್ಯಾನಿನವರಿಗೆ ಫೋನು ಮಾಡಿ ನಿಲ್ಲಿಸಿರಿ ಎಂದ. ನಾವು ನೋಡುತ್ತಿದ್ದ ಹಾಗೆ ಅಷ್ಟು ದೊಡ್ಡ ರೆಕ್ಕೆ ಮೆಲ್ಲಗೆ, ಮೆಲ್ಲಗೆ ತಿರುಗಿ ನಿಂತೇಬಿಟ್ಟಿತು. ಒಂದು ಫೋನಿಗೆ ನಿಲ್ಲುವಂಥದ್ದು ಎರಡು ತಿಂಗಳಿನಿಂದ ನಮ್ಮನ್ನು ಅರೆಯುತ್ತಿತ್ತಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

"ಈಗ ಹತ್ತ ನಿಮಿಷ ಯಾರೂ ಮಾತಾಡಬ್ಯಾಡ್ರಿ ಅಜ್ಜಿ," ಎಂದ.

ಓಣಿಗೆ ಓಣಿಯೇ ನಮ್ಮ ಅಂಗಳದಲ್ಲಿತ್ತು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ನನ್ನ ನೆಗೆಣ್ಣಿ, ಹುಟ್ಟಿದಾಗಿನಿಂದ ಹತ್ತು ನಿಮಿಷ ಬಾಯಿ ಮುಚ್ಚಿದವಳಲ್ಲ, ಸೆರಗನ್ನು ಬಾಯಲ್ಲಿ ತುರುಕಿಕೊಂಡು ನಿಂತಳು. ನನಗೆ ಕೆಮ್ಮು ಬಂತು, ನುಂಗಿದೆ, ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷ ಆಯಿತು. ಮತ್ತೆ ಫೋನು. ಫ್ಯಾನು ಮತ್ತೆ ವೂಂ ಛಪ್ ಶುರು ಮಾಡಿತು. ಮತ್ತೆ ಹತ್ತು ನಿಮಿಷ ಅಳೆದ. ಬರೆದುಕೊಂಡ. ತಲೆ ಕೆರೆದುಕೊಂಡ.

"ಅಜ್ಜಿ, ಫ್ಯಾನು ನಿಂತಾಗೂ ಅಷ್ಟ ಐತಿ, ತಿರುಗಿದಾಗೂ ಹೆಚ್ಚುಕಡಿಮಿ ಅಷ್ಟ ಐತಿ. ಫ್ಯಾನಿಂದ ಏನೂ ಹೆಚ್ಚಾಗಿಲ್ರಿ."

"ನಿಮ್ಮ ಮೀಟರ್ ಕೆಟ್ಟೈತಿ ನೋಡ್ರಿ," ಎಂದಳು ನೆಗೆಣ್ಣಿ, ಸೆರಗು ಉಗುಳಿ.

"ಇಲ್ರಿ, ಮೀಟರ್ ಚಲೋ ಐತಿ. ಆ ಪಟಪಟ ಭಾಳ ಐತಲ್ರಿ, ಅದಕ್ಕ."

"ಯಾವ ಪಟಪಟ?" ಎಂದೆ ನಾನು.

"ಅದಾ ಅಲ್ರಿ. ಆ ಶೆಡ್ಡಿನಾಗ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶೆಡ್ಡಿನ ಕಡೆ ನೋಡಿದೆವು. ಸಣ್ಣ ಫ್ಯಾನು ಸೀರೆಯಲ್ಲಿ ಕಟ್ಟಿಸಿಕೊಂಡು ಹೆಣದ ಹಾಗೆ ಸುಮ್ಮನಿತ್ತು.

"ಅಲ್ಲೇನೂ ಇಲ್ರಿ," ಎಂದೆ. "ಅಲ್ಲೆ ರೊಟ್ಟಿ ಬಡ್ಯಾಕತ್ತಾರ."

"ಅದಾ ರೀ ಅಜ್ಜಿ!"

"ರೊಟ್ಟಿ ಬಡಿಯೂದು ಸದ್ದು ಹೆಂಗಾಕ್ಕೈತೋ ಯಪ್ಪಾ? ರೊಟ್ಟಿ ರೊಟ್ಟಿ!"

ಆ ಹುಡುಗ ಶೆಡ್ಡಿನ ಕಡೆ ಬೆರಳು ತೋರಿಸಿದ. ನಾನು ಕಿವಿಗೊಟ್ಟೆ. ದೇವರಾಣೆಗೂ ಹೇಳುತ್ತೇನೆ, ಆಗಲೇ ನನಗದು ಕೇಳಿಸಿದ್ದು. ಪಟ ಪಟ ಪಟ ಪಟ, ಐದು ಜೋಡಿ ಕೈ, ಐದು ಹಲಗೆ, ಒಂದರ ಮೇಲೊಂದು. ಊರಿಗೆ ಊರೇ ಸುಮ್ಮನಿದ್ದಾಗ ಆ ಐವರು ಮಾತ್ರ ಟೆಂಪೋ ತಪ್ಪಬಾರದೆಂದು ಬಡಿಯುತ್ತಲೇ ಇದ್ದರು. ಗಿರಣಿ ನಿಲ್ಲಿಸಿದೆ, ಕೋಳಿ ಮುಚ್ಚಿದೆ, ಇವರಿಗೆ ಸುಮ್ಮನಿರಿ ಎಂದು ಹೇಳಬೇಕು ಅನ್ನುವುದು ನನಗೂ ಹೊಳೆಯಲಿಲ್ಲ, ಮಾಸ್ತರಿಕೆ ಮಾಡಿದ ತಮ್ಮನಿಗೂ ಹೊಳೆಯಲಿಲ್ಲ, ಅಂಗಳದಲ್ಲಿ ನಿಂತ ಯಾರೊಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ತಾಯಿಯ ದನಿ ಕೇಳುತ್ತದೋ, ರೊಟ್ಟಿ ಬಡಿಯುವುದು ಕೇಳುತ್ತದೋ ಹೇಳಲಿಕ್ಕಾಗುವುದಿಲ್ಲ. ಉಸಿರಾಡುವುದನ್ನು ಯಾರಾದರೂ ಸದ್ದು ಅನ್ನುತ್ತಾರೆಯೇ?

"ಹಂಗಾರ ಈಗ ನಿಲ್ಲಸ್ತೀನಿ, ಇನ್ನೊಮ್ಮೆ ಅಳೀರಿ," ಎಂದೆ.

"ಇನ್ನೊಂದ ಊರಿಗೆ ಹೋಗೂದೈತ್ರಿ. ಮತ್ತ ಅದು ದಿನಾ ಇರೂ ಸದ್ದಂದ್ರ ಅದನ್ನೂ ಲೆಕ್ಕಕ್ಕ ಹಿಡೀಬೇಕಾಕ್ಕೈತಿ. ಇನ್ನೊಂದ ಅರ್ಜಿ ಹಾಕ್ರಿ, ಬರ್ತೀನಿ."

ಅವನು ಹೋದ ಮೇಲೆ ಶೆಡ್ಡಿಗೆ ಹೋಗಿ ಆ ಹೆಣ್ಣುಮಕ್ಕಳ ಮೇಲೆ ಹರಿಹಾಯ್ದೆ. ಅವರು ತಿರುಗಿ ನನ್ನ ಮೇಲೆ ಹರಿಹಾಯ್ದರು. "ನೀವ ಅಲ್ರಿ, ಟೆಂಪೋ ಹನ್ನೆರಡಕ್ಕ ಹೊಂಡಬೇಕು ಅಂದವ್ರು?" ಎಂದರು. ಹೌದು, ನಾನೇ ಅಂದದ್ದು.

ಎರಡನೆಯ ಅರ್ಜಿ ಹಾಕಿದೆ. ಈ ಸಲ ಶರಣಾರ್ಥಿ ಬರೆಯಲಿಲ್ಲ. ನಡುವಿನ ಮೂರು ವಾರ ಸೊಸೆಯದು ನೋಡಲಾಗಲಿಲ್ಲ. ಬಸ್ಸಿನಲ್ಲಿ ಕೂತಲ್ಲೇ ಕಣ್ಣು ಹತ್ತಿ ಎರಡು ಸಲ ನಮ್ಮೂರು ದಾಟಿ ಕುಂದಗೋಳಕ್ಕೆ ಹೋಗಿ ಇಳಿದಳು. ಸ್ಟ್ಯಾಂಡಿನಿಂದ ಫೋನು ಮಾಡಿ, "ಅತ್ತಿ, ನಾ ಎಲ್ಲಿದೀನಿ ಅಂತ ತಿಳೀವಲ್ದು" ಎಂದಳು. ಒಂದು ದಿನ ಅವಳ ಚೀಲದಲ್ಲಿ ಬಿಳಿ ಹಾಳೆ ನೋಡಿದೆ. ಮೇಲೆ "ಇವರಿಗೆ" ಎಂದಷ್ಟೇ ಬರೆದು ಬಿಟ್ಟಿದ್ದಳು. ನಾನು ಆ ಹಾಳೆ ತೆಗೆದು ಒಲೆಗೆ ಹಾಕಿದೆ. ಹಾಳೆ ಇನ್ನೊಂದು ಸಿಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಎರಡನೆಯ ಸಲ ಹುಡುಗ ಬಂದ ದಿನ ಶೆಡ್ಡಿನ ಒಲೆಯನ್ನೇ ಹೊತ್ತಿಸಲಿಲ್ಲ. ಖಾನಾವಳಿಯವರು ಮಗನಿಗೆ ಫೋನಿನಲ್ಲಿ ಕೂಗಾಡಿದರು, ಕೂಗಾಡಲಿ. ಐವರು ಹೆಣ್ಣುಮಕ್ಕಳನ್ನೂ ಅಂಗಳದಲ್ಲೇ ನನ್ನ ಕಣ್ಣ ಮುಂದೆ ಕೂಡಿಸಿಕೊಂಡೆ. ಗಾಳಿ ಚೆನ್ನಾಗಿತ್ತು. ಫ್ಯಾನು ನಿಂತಿತು. ಮೀಟರು ಅಳೆಯಿತು. ಆ ಹತ್ತು ನಿಮಿಷ ನಾನು ಆ ಐವರ ಕೈಗಳನ್ನೇ ನೋಡುತ್ತಿದ್ದೆ. ಸುಮ್ಮನೆ ಕೂತು ಗೊತ್ತಿಲ್ಲದ ಕೈಗಳು, ತೊಡೆಯ ಮೇಲೆ ತಾವೇ ತಾವಾಗಿ ಎದ್ದು ಬೀಳುತ್ತಿದ್ದವು, ಸದ್ದಿಲ್ಲದೆ.

ಫ್ಯಾನು ಮತ್ತೆ ತಿರುಗಿತು. ಈ ಸಲ ಹುಡುಗ ಬರೆದುಕೊಳ್ಳುವಾಗ ಹುಬ್ಬೇರಿಸಿದ.

"ಫರಕ್ ಬಂತ್ರಿ ಅಜ್ಜಿ. ಚಲೋ ಫರಕ್ಕ ಬಂತು."

ನಾನು ಸಕ್ಕರೆ ಹಂಚಲು ಒಳಗೆ ಎದ್ದೆ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆಯಂಥದ್ದು ಕಂಡಿತು. ನಾನಿನ್ನೂ ಡಬ್ಬಿಯ ಮುಚ್ಚಳ ತೆಗೆದಿಲ್ಲ, ಹುಡುಗ ಒಂದು ಹಾಳೆ ತಿರುವಿ ಹಾಕಿ, "ಆದ್ರ..." ಎಂದ.

ಈ "ಆದ್ರ" ಇದೆಯಲ್ಲ, ಇದನ್ನು ಮೊದಲು ಅಳೆಯಬೇಕು ಮೀಟರು ಹಚ್ಚಿ.

"ಆದ್ರ ಹಗಲಿನ ಮಿತಿಯೊಳಗ ಐತ್ರಿ. ರಾತ್ರಿ ಮಿತಿ ಆಗಿದ್ರ ದಾಟಿತ್ತು. ಈಗ ಹನ್ನೊಂದ ಗಂಟೆ, ಹಗಲು."

"ನಮ್ಮ ಸೊಸಿಗೆ ಈಗ ರಾತ್ರಿ," ಎಂದೆ.

"ಕಾಯದೆಯೊಳಗ ರಾತ್ರಿ ಅಂದ್ರ ರಾತ್ರಿ ಹತ್ತರಿಂದ ಮುಂಜಾನಿ ಆರರ ತನಕ ರೀ."

"ಆಗ ಆಕಿ ದವಾಖಾನ್ಯಾಗ ಇರ್ತಾಳ. ನಿಮ್ಮಂಥವ್ರ ಹೇಂತೆರ ಹೆರಿಗಿ ಮಾಡಸಾಕ."

"ಖರೆ ಐತ್ರಿ. ನಾ ಬೇಕಂದ್ರ ರಾತ್ರಿ ಬಂದು ಅಳೀತೀನಿ."

"ರಾತ್ರಿ ಬಂದು ಯಾರ ನಿದ್ದಿ ಅಳೀತಿ? ಆ ಖೋಲ್ಯಾಗ ರಾತ್ರಿ ಯಾರೂ ಇರೂದಿಲ್ಲ! ಯಪ್ಪಾ, ನರ್ಸು, ಪೊಲೀಸ್ರು, ಬಸ್ ಡ್ರೈವರು, ಇವ್ರೆಲ್ಲಾ ಕಾಯದೆ ಬರ್ಯೂಮುಂದ ಎಲ್ಲಿದ್ರು?"

"ಡ್ಯೂಟಿಮ್ಯಾಲಿದ್ರು," ಎಂದಳು ನೆಗೆಣ್ಣಿ.

ಹುಡುಗನಿಗೂ ನಗೆ ಬಂತು. ಆದರೂ ಹಾಳೆ ಹಾಳೆಯೇ. ಹಗಲಿಗೊಂದು ಮಿತಿ, ರಾತ್ರಿಗೊಂದು, ದವಾಖಾನೆ ಇರುವ ಕಡೆ ಇನ್ನೂ ಕಡಿಮೆ ಇರಬೇಕಂತೆ. ದವಾಖಾನೆ ಮಲಗಿದರೆ ಕಾಯದೆ ಕಾಯುತ್ತದೆ, ದವಾಖಾನೆ ಕಾಯುವವಳು ಮಲಗಿದರೆ ಕಾಯುವುದಿಲ್ಲ. ಇದನ್ನು ನಾನು ಅವನಿಗೆ ನಾಲ್ಕು ಬಗೆಯಿಂದ ಹೇಳಿದೆ. ನಾಲ್ಕು ಸಲವೂ ಅವನು "ಖರೆ ಐತ್ರಿ" ಎಂದ. ಜಗಳ ಮಾಡುವವರ ಜೊತೆ ಜಗಳ ಮಾಡಬಹುದು, ಖರೆ ಐತಿ ಅನ್ನುವವರ ಜೊತೆ ಏನು ಮಾಡುತ್ತೀರಿ?

ಆಗ ನನಗೊಂದು ಬುದ್ಧಿ ಹೊಳೆಯಿತು. ಮೀಟರಿಗೆ ತಿಳಿಯದಿದ್ದರೆ ಮನುಷ್ಯನಿಗಾದರೂ ತಿಳಿಯಲಿ. ಊಟ ಮಾಡದೆ ಹೋಗಬಾರದು ಎಂದೆ. ಹಿಂದಿನ ದಿನದ ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇಡ ಬೇಡ ಅನ್ನುತ್ತಲೇ ಐದು ರೊಟ್ಟಿ ಮುರಿದ. ಕೈ ತೊಳೆದ ಮೇಲೆ, "ಬಾ ತಮ್ಮಾ, ಆಕಿ ಕಾಟಿನ ಮ್ಯಾಲೆ ಒಂದ ಹತ್ತ ನಿಮಿಷ ಅಡ್ಡಾಗು. ಆ ಫ್ಯಾನಿನ ಸದ್ದು ಏನಂತ ನಿನ್ನ ಕಿವೀಲೆ ಕೇಳು. ಆಮ್ಯಾಲ ಏನ ಬರೀತಿ ಬರಿ," ಎಂದೆ. ಅವನು ನಾಚಿಕೊಂಡ. ಸೊಸೆಯೂ, "ಹೋಗ್ರಿ ಅಣ್ಣಾರ, ನಾ ಇಲ್ಲೆ ಚಾ ಕುಡೀತೀನಿ" ಎಂದಳು. ಹೋದ. ಬಾಗಿಲು ಮುಂದೆ ಮಾಡಿದೆ.

ನಾವು ಅಂಗಳದಲ್ಲಿ ಕಾದು ಕೂತೆವು. ಫ್ಯಾನು ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು. ವೂಂ ಛಪ್, ವೂಂ ಛಪ್. ಈಗ ಕಿವಿ ಮುಚ್ಚಿಕೊಂಡು ಬರುತ್ತಾನೆ, ಈಗ ಬರುತ್ತಾನೆ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಒಳಗಿನಿಂದ ಸದ್ದು ಬಂತು.

ಗೊರಕೆ.

ಅಂಥಿಂಥ ಗೊರಕೆಯಲ್ಲ, ಕೋಳಿ ಬುಟ್ಟಿಯ ಮೇಲಿನ ಚೀಲ ಅಲುಗಾಡುವಂಥ ಗೊರಕೆ. ಒಂದೂಕಾಲು ತಾಸು ಮಲಗಿದ. ಎದ್ದು ಬಂದವನ ಮುಖ ಆಗಷ್ಟೇ ನೀರೆರೆಸಿಕೊಂಡ ಕೂಸಿನ ಹಾಗಿತ್ತು.

"ತಪ್ಪ ತಿಳ್ಕೋಬ್ಯಾಡ್ರಿ ಅಜ್ಜಿ. ಮನ್ಯಾಗ ಎರಡ ತಿಂಗಳ ಕೂಸೈತಿ, ನಿದ್ದಿ ಕಂಡು ಭಾಳ ದಿನಾ ಆಗಿತ್ತು. ಎಷ್ಟ ತಂಪೈತ್ರಿ ಖೋಲಿ!"

"ಸದ್ದು ಅಳ್ಯಾಕ ಬಂದವ ತಾನ ಸದ್ದು ಮಾಡಿ ಎದ್ದ," ಎಂದಳು ನೆಗೆಣ್ಣಿ. "ಇದನ್ನ ಯಾವ ಮಿತಿಯೊಳಗ ಬರ್ಕೋತಿಯೋ ತಮ್ಮಾ?"

ಹೋಗುವಾಗ ಅವನು ಒಂದು ಒಳ್ಳೆಯ ಕೆಲಸ ಮಾಡಿದ. ರಾತ್ರಿ ಪಾಳಿಯವರ ವಿಷಯ ಬೇರೆಯಾಗಿ ಬರೆದು ಮೇಲಿನವರಿಗೆ ಕಳಿಸುತ್ತೇನೆ ಎಂದ. ಕಳಿಸಿದನೂ ಕೂಡ, ಅದರ ಪ್ರತಿ ನನ್ನ ಫೋನಿಗೆ ಬಂತು. ಮೇಲಿನವರು ಪರಿಶೀಲಿಸುತ್ತಿದ್ದಾರೆ.

ಮರುದಿನ ಖಾನಾವಳಿಗಳಿಗೆ ಎರಡು ದಿನದ ರೊಟ್ಟಿ ಒಟ್ಟಿಗೇ ಹೋಗಬೇಕಿತ್ತು. ಐವರ ಜೊತೆ ನೆಗೆಣ್ಣಿಯೂ ಕೂತಳು. ಹನ್ನೊಂದರ ಸುಮಾರಿಗೆ ಸೊಸೆಯ ಖೋಲಿಯ ಮುಂದೆ ಹಾದೆ. ಬಾಗಿಲು ತೆರೆದಿತ್ತು. ಕಾಟು ಖಾಲಿ. ಚೀಲವೂ ಇರಲಿಲ್ಲ. ಹೋದಳು, ಹಾಳೆ ಬರೆದುಕೊಡಲು ಹೋದಳು ಎಂದುಕೊಂಡು ಬಸ್‌ಸ್ಟಾಪಿನವರೆಗೂ ಓಡಿದೆ, ಈ ಮೊಣಕಾಲಿನಲ್ಲಿ. ಬಸ್ಸು ಹೋಗಿ ತಾಸಾಗಿತ್ತಂತೆ, ಅವಳನ್ನು ಯಾರೂ ನೋಡಿರಲಿಲ್ಲ. ತಿರುಗಿ ಬಂದು, ಏದುಸಿರು ಬಿಡುತ್ತ ಶೆಡ್ಡಿನ ಬಾಗಿಲಲ್ಲಿ ನಿಂತೆ. ನೆಗೆಣ್ಣಿ ಹಿಟ್ಟಿನ ಕೈಯನ್ನೇ ತುಟಿಗೆ ಅಡ್ಡ ಹಿಡಿದು, ಗದ್ದದಿಂದ ಮೂಲೆಯ ಕಡೆ ತೋರಿಸಿದಳು.

ಜೋಳದ ಹಿಟ್ಟಿನ ಚೀಲಗಳ ಹಿಂದೆ, ಕೌದಿ ಹಾಸಿಕೊಂಡು, ಚೀಲವನ್ನು ತಲೆಗಿಟ್ಟುಕೊಂಡು, ಬಾಯಿ ತೆರೆದುಕೊಂಡು ಮಲಗಿದ್ದಳು ನನ್ನ ಸೊಸೆ. ಕೂದಲ ಮೇಲೆ ಹಿಟ್ಟು. ಮಾರು ದೂರದಲ್ಲಿ ಆರು ಜೋಡಿ ಕೈಗಳು ಪಟ ಪಟ ಪಟ ಪಟ ಅನ್ನುತ್ತಿದ್ದವು. ಆ ಪಟಪಟದಲ್ಲಿ ನಾನೂ ಕಿವಿಗೊಟ್ಟು ಹುಡುಕಿದೆ. ಫ್ಯಾನು ಕೇಳಲಿಲ್ಲ. ಮಧ್ಯಾಹ್ನ ಮೂರರವರೆಗೆ ಅವಳು ಹೊರಳಲೂ ಇಲ್ಲ.

ಅವತ್ತಿನಿಂದ ಅವಳದು ಅಲ್ಲೇ ಹಾಸಿಗೆ. ಮಳೆಗಾಲ ಮುಗಿದು ಕಡಲೆ ಬಿತ್ತಿದ್ದಾಯಿತು, ರಾಜೀನಾಮೆಯ ಮಾತು ಮತ್ತೆ ಬಂದಿಲ್ಲ. ಬಸ್ಸಿನಲ್ಲಿ ಕುಂದಗೋಳದವರೆಗೆ ಹೋಗುವುದೂ ನಿಂತಿದೆ. ಟೆಂಪೋ ಈಗ ಮೂರಕ್ಕೆ ಹೊರಡುತ್ತದೆ, ಅವಳ ನಿದ್ದೆ ಆಗುವವರೆಗೆ ಬಡಿಯಬೇಕಲ್ಲ. ಅಮಾವಾಸ್ಯೆಗೆ ರೊಟ್ಟಿಯವರಿಗೆ ಸೂಟಿ ಕೊಟ್ಟರೆ ಇವಳು ಕಣ್ಣು ಕೆಂಪು ಮಾಡಿಕೊಂಡು ತಿರುಗುತ್ತಾಳೆ. ಸರ್ಕಾರಿ ನರ್ಸು, ಹಿಟ್ಟಿನ ಚೀಲದ ಹಿಂದೆ ಮಲಗುವುದು! ನನಗೆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಮೊನ್ನೆ ಮೂರನೆಯ ಅರ್ಜಿ ಬರೆದೆ. ಭಾರಿ ಬರೆದಿದ್ದೇನೆ. ಹಗಲಿಗೊಂದು ಮಿತಿ ರಾತ್ರಿಗೊಂದು ಮಿತಿ ಬೇಡ, ಮಲಗಿದವರಿಗೊಂದು ಮಿತಿ ಎದ್ದವರಿಗೊಂದು ಮಿತಿ ಮಾಡಿರಿ ಎಂದು ಬರೆದಿದ್ದೇನೆ. ಕಳಿಸುವ ಮೊದಲು ಯಾರಿಗಾದರೂ ಓದಿ ಹೇಳಬೇಕಲ್ಲ. ಶೆಡ್ಡಿಗೆ ಹೋಗಿ, ರೊಟ್ಟಿ ಬಡಿಯುವವರಿಗೆ ಕೇಳಲಿ ಎಂದು ಸ್ವಲ್ಪ ದನಿಯೆತ್ತಿ ಓದಿದೆ. ಮೊದಲನೆಯ ಪುಟ ಮುಗಿದು ಎರಡನೆಯದಕ್ಕೆ ಬಂದಿದ್ದೆ. ಹಿಟ್ಟಿನ ಚೀಲಗಳ ಹಿಂದಿನಿಂದ, ಕಣ್ಣು ತೆರೆಯದೆಯೇ, ಸೊಸೆ ಎಂದಳು:

"ಆ ಫ್ಯಾನು ಗಾಳಿ ನಿಂತಾಗರ ನಿಂದರ್ತೈತ್ರಿ ಅತ್ತಿ. ನೀವು ಯಾವಾಗ ನಿಂದರ್ತೀರಿ?"